ಜ್ವರದ ಜಾಡು

ಕಳ್ಳನ ಹೆಜ್ಜೆಯನ್ನು ಹುಡುಕಿ ಹೊರಟವನು ಮೊದಲು ನೆಲವನ್ನು ನೋಡುತ್ತಾನೆ. ರೋಗದ ಹೆಜ್ಜೆಯನ್ನು ಹುಡುಕಿ ಹೊರಟವನು ಏನನ್ನು ನೋಡಬೇಕು? ರೋಗಿಯನ್ನು ನೋಡಬೇಕೆಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ ಡೆಂಗೀ ಜ್ವರದ ವಿಷಯದಲ್ಲಿ ಈ ಉತ್ತರ ಅರ್ಧಸತ್ಯ ಮಾತ್ರ. ರೋಗಿ ಹಾಸಿಗೆ ಹಿಡಿಯುವ ಹೊತ್ತಿಗೆ ರೋಗವು ಬಹುದೂರ ನಡೆದುಹೋಗಿರುತ್ತದೆ. ಅದರ ಮೊದಲ ಹೆಜ್ಜೆ ಮೂಡುವುದು ಮನುಷ್ಯನ ಮೈಯಲ್ಲಲ್ಲ, ಅವನ ಮನೆಯ ನೀರಿನ ಪಾತ್ರೆಯಲ್ಲಿ. ಈ ಮಾತು ಹೇಗೆ ನಿಜ, ಇದನ್ನು ಅರಿತವರು ರೋಗದ ಜಾಡನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಡೆಂಗೀ ಒಂದು ವೈರಾಣುವಿನಿಂದ ಬರುವ ಜ್ವರ. ಇದ್ದಕ್ಕಿದ್ದಂತೆ ಏರುವ ಮೈಕಾವು, ತಲೆಸಿಡಿತ, ಕಣ್ಣುಗುಡ್ಡೆಯ ಹಿಂದೆ ನೋವು, ಕೀಲುಕೀಲುಗಳನ್ನೂ ಹಿಂಡುವ ಯಾತನೆ, ಕೆಲವೊಮ್ಮೆ ಮೈಮೇಲೆ ಕೆಂಪು ಗಂಧೆಗಳು, ಇವು ಅದರ ಲಕ್ಷಣಗಳು. ಮೂಳೆ ಮುರಿದಂತೆ ನೋಯುವುದರಿಂದ ಇದಕ್ಕೆ ಮೂಳೆಮುರುಕ ಜ್ವರವೆಂಬ ಹೆಸರೂ ಬಂದಿದೆ. ಇದು ಗಾಳಿಯಿಂದ ಹರಡುವುದಿಲ್ಲ. ರೋಗಿಯನ್ನು ಮುಟ್ಟಿದರೆ ಅಂಟುವುದಿಲ್ಲ. ಒಬ್ಬನ ರಕ್ತದಿಂದ ಇನ್ನೊಬ್ಬನ ರಕ್ತಕ್ಕೆ ವೈರಾಣುವನ್ನು ಸಾಗಿಸುವ ವಾಹಕ ಬೇಕು. ಆ ವಾಹಕವೇ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ.

ಈ ಸೊಳ್ಳೆಯ ಗುರುತು ಸುಲಭ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿಯ ಪಟ್ಟೆಗಳು. ಕಚ್ಚುವುದು ಹೆಣ್ಣು ಮಾತ್ರ. ಅದೂ ಹಗಲಿನಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು ಮತ್ತು ಸಂಜೆಗೆ ಮುಂಚೆ. ಆದುದರಿಂದ ರಾತ್ರಿಯ ಸೊಳ್ಳೆಪರದೆಯೊಂದನ್ನೇ ನೆಚ್ಚಿ ಕುಳಿತವರಿಗೆ ಇದರಿಂದ ರಕ್ಷಣೆಯಿಲ್ಲ. ಕೆರೆ, ಕುಂಟೆ, ಚರಂಡಿಗಳ ನೀರು ಇದಕ್ಕೆ ಒಗ್ಗದು. ಮನೆಯ ಒಳಗೂ ಹೊರಗೂ ನಾವು ತುಂಬಿಟ್ಟ ತಿಳಿನೀರೇ ಇದಕ್ಕೆ ಪ್ರಿಯ. ಡ್ರಮ್ಮು, ತೊಟ್ಟಿ, ನೆಲದೊಳಗಿನ ಸಂಪು, ಕಲ್ಲುಬಾನಿ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಎಸೆದ ಟೈರು, ಒಡೆದ ಮಡಕೆ, ತೆಂಗಿನ ಚಿಪ್ಪು, ಬಳಕೆ ತಪ್ಪಿದ ಒರಳುಕಲ್ಲು, ಎಲ್ಲವೂ ಇದಕ್ಕೆ ಹೆರಿಗೆಮನೆಗಳೇ. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆಗಳನ್ನಿಡುವ ಈ ಜಾಣ ಸೊಳ್ಳೆ ಅವೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಇಡದೆ ಹಲವು ಪಾತ್ರೆಗಳಿಗೆ ಹಂಚುತ್ತದೆ. ಮೊಟ್ಟೆಗಳು ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತವೆ. ನೀರು ಬತ್ತಿದರೂ ಅವು ತಿಂಗಳುಗಟ್ಟಲೆ ಸಾಯದೆ ಕಾದಿದ್ದು, ಮತ್ತೆ ನೀರು ಸೋಂಕಿದೊಡನೆ ಮರಿಯಾಗುತ್ತವೆ. ಮೊಟ್ಟೆ ಒಡೆದು, ಮರಿಹುಳುವಾಗಿ, ಕೋಶವಾಗಿ, ರೆಕ್ಕೆ ಬಿಚ್ಚಿ ಹಾರುವುದಕ್ಕೆ ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಹಾರಿದರೂ ಅದು ದೂರದ ಪಯಣಿಗನಲ್ಲ. ಹುಟ್ಟಿದ ಸ್ಥಳದಿಂದ ನೂರಿನ್ನೂರು ಮೀಟರುಗಳ ಆಚೆಗೆ ಅದು ಹೋಗುವುದು ಅಪರೂಪ. ಎಂದರೆ, ನಮ್ಮನ್ನು ಕಚ್ಚಿದ ಈಡಿಸ್ ಸೊಳ್ಳೆ ಬಹುಮಟ್ಟಿಗೆ ನಮ್ಮ ಮನೆಯದು, ಇಲ್ಲವೆ ನೆರೆಮನೆಯದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನೀರಿನ ಪಾತ್ರೆಯಲ್ಲಿ ಹುಟ್ಟುವ ಈ ರೋಗ ಮಳೆ ಸುರಿಯುವ ಮಲೆನಾಡಿಗೂ ಕಡಲ ನಡುವಣ ದ್ವೀಪಗಳಿಗೂ ಸಲ್ಲತಕ್ಕದ್ದು, ಬರದ ಸೀಮೆಗೆ ಅದರ ಗೊಡವೆಯೇಕೆ ಎಂದು ತೋರಬಹುದು. ಕೋಲಾರ ಜಿಲ್ಲೆಯ ಮೂಡಣ ಅಂಚಿನಲ್ಲಿರುವ ಕ್ಯಾಸಂಬಳ್ಳಿಯ ಕಡೆಗೆ ನೋಡಿದರೆ ಇದಕ್ಕೆ ಉತ್ತರ ಸಿಕ್ಕುತ್ತದೆ. ಹಿಂದೆ ಬಂಗಾರಪೇಟೆ ತಾಲ್ಲೂಕಿಗೂ ಈಗ ಕೆ.ಜಿ.ಎಫ್. ತಾಲ್ಲೂಕಿಗೂ ಸೇರಿದ ಈ ಹೋಬಳಿಯ ಸುತ್ತ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಇಲ್ಲಿನ ಪಾಲಾರ್ ನದಿ ವರ್ಷದ ಬಹುಭಾಗ ಮರಳಿನ ಹಾಸು. ಹಿಂದಿನವರು ಕಟ್ಟಿಸಿದ ಕೆರೆಗಳು ಮಳೆಯನ್ನು ನಂಬಿಕೊಂಡಿವೆ. ತೆರೆದ ಬಾವಿಗಳು ಬತ್ತಿ, ಕೊಳವೆ ಬಾವಿಗಳು ಪಾತಾಳಕ್ಕೆ ಇಳಿದಿವೆ. ನೆರೆಯ ಚಿನ್ನದ ಗಣಿಯ ಊರಿಗೆ ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರು ತಂದದ್ದು ಒಂದು ಶತಮಾನಕ್ಕೂ ಹಿಂದಿನ ಮಾತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು; ಆದರೆ ಗಣಿ ಕಾರ್ಮಿಕರ ಸಾಲುಮನೆಗಳು ಉಳಿದವು, ಅವುಗಳೊಡನೆ ನೀರಿನ ಕೊರತೆಯೂ ಉಳಿಯಿತು.

ನೀರು ದಿನವೂ ಬಾರದ ಊರಿನಲ್ಲಿ ಜನ ಏನು ಮಾಡುತ್ತಾರೆ? ಬಂದ ದಿನ ಹಿಡಿದಿಡುತ್ತಾರೆ. ಬಿಂದಿಗೆ, ಹಂಡೆ, ಡ್ರಮ್ಮುಗಳೆಲ್ಲ ತುಂಬುತ್ತವೆ. ಮುಂದಿನ ಸಲ ನಲ್ಲಿಯಲ್ಲಿ ನೀರು ಬರುವವರೆಗೆ, ಟ್ಯಾಂಕರು ಬೀದಿಗೆ ಬರುವವರೆಗೆ, ಒಂದು ಹನಿಯನ್ನೂ ಚೆಲ್ಲಲು ಮನಸ್ಸು ಬಾರದು. ಈ ಜತನವು ಗೃಹಿಣಿಯ ದೋಷವಲ್ಲ; ಬರದ ನಾಡಿನಲ್ಲಿ ಅದು ಸದ್ಗುಣ. ಆದರೆ ಸೊಳ್ಳೆಗೆ ಬೇಕಾದುದೂ ಇಂಥ ಏಳೆಂಟು ದಿನಗಳ ನಿಶ್ಚಲವಾದ ತಿಳಿನೀರೇ. ಹೀಗೆ ಮಳೆ ಬಂದರೆ ಎಸೆದ ಟೈರಿನಲ್ಲಿ, ಮಳೆ ಬಾರದಿದ್ದರೆ ತುಂಬಿಟ್ಟ ಡ್ರಮ್ಮಿನಲ್ಲಿ, ಡೆಂಗೀ ತನ್ನ ನೆಲೆಯನ್ನು ಕಂಡುಕೊಳ್ಳುತ್ತದೆ. ದ್ವೀಪಕ್ಕೂ ಬಯಲುಸೀಮೆಗೂ ಇರುವ ಅಂತರ ಇಲ್ಲಿ ಅಳಿದುಹೋಗುತ್ತದೆ.

ಪಾತ್ರೆಗೂ ಸೊಳ್ಳೆಗೂ ಇರುವ ಈ ನಂಟನ್ನು ನಮ್ಮ ನಾಡಿನಲ್ಲೇ ಗಮನಿಸಿದ ಒಬ್ಬ ವೈದ್ಯನುಂಟು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದ ರೊನಾಲ್ಡ್ ರಾಸ್ ಎಂಬ ತರುಣನು ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೆಚ್ಚಾಗಿರುವುದೇಕೆಂದು ಹುಡುಕಿದಾಗ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಆಡುತ್ತಿದ್ದುದು ಕಂಡಿತು. ತೊಟ್ಟಿಯನ್ನು ಬರಿದು ಮಾಡಿಸಿದ; ಸೊಳ್ಳೆ ಕಡಮೆಯಾಯಿತು. ಉಳಿದ ಕಟ್ಟಡಗಳಲ್ಲೂ ಹೀಗೆ ಮಾಡಬಹುದೆಂದು ಅವನು ಹೇಳಿದಾಗ ದಂಡಿನ ಅಧಿಕಾರಿಯೊಬ್ಬ ಒಪ್ಪಲಿಲ್ಲ. ಮುಂದೆ ಇದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಅವನ ಕೀರ್ತಿಗೆ ಕಾರಣವಾದುದು ಸೂಕ್ಷ್ಮದರ್ಶಕ. ಆದರೆ ಜನಸಾಮಾನ್ಯರ ಕೈಗೆಟಕುವ ಪಾಠ ಬೆಂಗಳೂರಿನ ಆ ತೊಟ್ಟಿಯಲ್ಲಿತ್ತು.

ಇನ್ನು ಜಾಡು ಹಿಡಿಯುವ ಕ್ರಮವನ್ನು ನೋಡೋಣ. ಇದರಲ್ಲಿ ಕಾಲದ ಲೆಕ್ಕ ಮುಖ್ಯ. ಡೆಂಗೀ ತಗಲಿದವನ ರಕ್ತವನ್ನು ಸೊಳ್ಳೆ ಹೀರಿತೆನ್ನಿ. ವೈರಾಣು ಸೊಳ್ಳೆಯ ಒಡಲಲ್ಲಿ ಬೆಳೆದು ಅದರ ಜೊಲ್ಲನ್ನು ಸೇರಲು ಸುಮಾರು ಎಂಟರಿಂದ ಹನ್ನೆರಡು ದಿನ ಬೇಕು. ಆಮೇಲೆ ಆ ಸೊಳ್ಳೆ ಬದುಕಿರುವಷ್ಟು ಕಾಲವೂ ಕಚ್ಚಿದವರಿಗೆ ರೋಗವನ್ನು ದಾನ ಮಾಡಬಲ್ಲುದು. ಕಚ್ಚಿಸಿಕೊಂಡವನಿಗೆ ಜ್ವರ ಕಾಣಿಸಿಕೊಳ್ಳಲು ನಾಲ್ಕರಿಂದ ಹತ್ತು ದಿನ ಹಿಡಿಯುತ್ತದೆ. ಅವನು ಎರಡು ಮೂರು ದಿನ ಕಷಾಯ ಕುಡಿದು ನೋಡಿ, ಬಳಿಕ ಆಸ್ಪತ್ರೆಗೆ ಹೋಗುತ್ತಾನೆ. ಕೂಡಿ ನೋಡಿದರೆ ಮೊದಲ ರೋಗಿಗೂ ಎರಡನೆಯ ರೋಗಿಗೂ ನಡುವೆ ಎರಡು ಮೂರು ವಾರಗಳ ಅಂತರ. ಆದುದರಿಂದ ಇಂದು ಆಸ್ಪತ್ರೆಯ ದಾಖಲೆಯಲ್ಲಿ ಬರೆದ ಸಂಖ್ಯೆ ಇಂದಿನ ಸ್ಥಿತಿಯನ್ನು ಹೇಳುವುದಿಲ್ಲ. ಕೆಲವು ವಾರಗಳ ಹಿಂದಿನ ನಮ್ಮ ಡ್ರಮ್ಮುಗಳ ಸ್ಥಿತಿಯನ್ನು ಹೇಳುತ್ತದೆ. ಇದರೊಡನೆ ಇನ್ನೊಂದು ತೊಡಕೂ ಉಂಟು. ಡೆಂಗೀ ತಗಲಿದವರಲ್ಲಿ ಬಹುಪಾಲು ಜನರಿಗೆ ರೋಗಲಕ್ಷಣಗಳೇ ತೋರುವುದಿಲ್ಲ, ತೋರಿದರೂ ಅತಿ ಸೌಮ್ಯವಾಗಿರುತ್ತವೆ. ಅವರು ಯಾವ ದಾಖಲೆಗೂ ಸೇರುವುದಿಲ್ಲ; ಆದರೆ ಅವರನ್ನು ಕಚ್ಚಿದ ಸೊಳ್ಳೆ ರೋಗವನ್ನು ಮುಂದಕ್ಕೆ ಒಯ್ಯಬಲ್ಲುದು. ರೋಗಿಗಳನ್ನು ಮಾತ್ರ ಎಣಿಸಿ ರೋಗವನ್ನು ತಡೆಯಹೊರಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಹಾಗೆಂದು ರೋಗಿಗಳ ಲೆಕ್ಕ ನಿಷ್ಪ್ರಯೋಜಕವೆಂದಲ್ಲ. ಹಳೆಯ ಲೆಕ್ಕ ಮುಂದಿನ ತಲೆಮಾರನ್ನು ಕಾಪಾಡಬಲ್ಲುದೆಂಬುದಕ್ಕೆ ಕ್ಯೂಬಾ ದ್ವೀಪರಾಷ್ಟ್ರದ ಅನುಭವ ಸಾಕ್ಷಿ. ಡೆಂಗೀ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ನರಳಿ ಎದ್ದವನಿಗೆ ಆ ಬಗೆಯ ಭಯ ಬಾಳಿನುದ್ದಕ್ಕೂ ಬಹುಮಟ್ಟಿಗೆ ತಪ್ಪುತ್ತದೆ; ಆದರೆ ಮುಂದೆ ಬೇರೊಂದು ಬಗೆ ತಗಲಿದರೆ ರೋಗ ಉಗ್ರವಾಗುವ ಸಂಭವ ಹೆಚ್ಚು. ಕ್ಯೂಬಾದಲ್ಲಿ 1977ರಲ್ಲಿ ಮೊದಲನೆಯ ಬಗೆ ಹರಡಿತು, ಹೆಚ್ಚಿನ ಹಾನಿಯಾಗಲಿಲ್ಲ. 1981ರಲ್ಲಿ ಎರಡನೆಯ ಬಗೆ ಬಂದಿತು. ಆಗ 3,44,203 ಮಂದಿ ಜ್ವರಕ್ಕೆ ತುತ್ತಾದರು. 158 ಜನ ಸತ್ತರು. ಸತ್ತವರಲ್ಲಿ 101 ಮಂದಿ ಮಕ್ಕಳು. ಆ ಸರ್ಕಾರ ಮನೆಮನೆಗೂ ಜನರನ್ನು ಕಳುಹಿಸಿ ಸೊಳ್ಳೆಯ ತಾಣಗಳನ್ನು ಅಳಿಸಿ, ಅದೇ ವರ್ಷದ ಅಕ್ಟೋಬರಿನೊಳಗೆ ಪಿಡುಗನ್ನು ಅಡಗಿಸಿತು. 1997ರಲ್ಲಿ ಸಾಂಟಿಯಾಗೋ ಪಟ್ಟಣದಲ್ಲಿ ಎರಡನೆಯ ಬಗೆ ಮತ್ತೆ ತಲೆಯೆತ್ತಿದಾಗ ರೋಗ ಉಗ್ರವಾದುದು ದೊಡ್ಡವರಲ್ಲಿ. ಇಪ್ಪತ್ತು ವರ್ಷಗಳ ಹಿಂದೆ ಮೊದಲನೆಯ ಬಗೆಯಿಂದ ನರಳಿದ್ದವರಲ್ಲಿ. ಯಾವ ವರ್ಷ ಯಾವ ಬಗೆ ಬಂದಿತ್ತೆಂಬ ದಾಖಲೆ ಇಲ್ಲದಿದ್ದರೆ ಈ ಸತ್ಯ ತಿಳಿಯುತ್ತಿರಲಿಲ್ಲ.

ದ್ವೀಪಗಳಲ್ಲಿ ರೋಗದ ಜಾಡು ಹಿಡಿಯಲು ಒಂದು ಅನುಕೂಲವಿದೆ. ಸುತ್ತಲೂ ಕಡಲು, ಒಳಬರುವ ದಾರಿಗಳು ಬಂದರು ಮತ್ತು ವಿಮಾನ ನಿಲ್ದಾಣ ಮಾತ್ರ. ಶಾಂತಸಾಗರದ ದ್ವೀಪರಾಷ್ಟ್ರಗಳು ಒಂದೊಂದೂ ಬಹಳ ಚಿಕ್ಕವು. ಕೆಲವಕ್ಕೆ ಸುಸಜ್ಜಿತವಾದ ಪ್ರಯೋಗಶಾಲೆಯೂ ಇಲ್ಲ. ಆದುದರಿಂದ 1996ರಲ್ಲಿ ಅವು ಒಂದುಗೂಡಿ ಸಾರ್ವಜನಿಕ ಆರೋಗ್ಯದ ಕಾವಲು ಜಾಲವೊಂದನ್ನು ಕಟ್ಟಿಕೊಂಡವು. ಒಂದು ದ್ವೀಪದಲ್ಲಿ ಜ್ವರ ಏರಿದರೆ ಸುದ್ದಿ ನೆರೆಯ ದ್ವೀಪಗಳಿಗೆ ಮುಟ್ಟುತ್ತದೆ. ರೋಗದ ಹಡಗು ತೀರಕ್ಕೆ ಬರುವ ಮುನ್ನ ಎಚ್ಚರಿಕೆಯ ಮಾತು ಬಂದಿರಬೇಕೆಂಬುದು ಇದರ ತತ್ತ್ವ.

ಕಡಲಿನಾಚೆಯ ಸುದ್ದಿ ನಮಗೇಕೆ ಎಂದು ಯಾರೂ ಭಾವಿಸಬಾರದು. ಚಿಕುನ್‌ಗುನ್ಯಾ ಎಂಬುದು ಡೆಂಗೀಯ ಹಾಗೆಯೇ ಈಡಿಸ್ ಸೊಳ್ಳೆಗಳಿಂದ ಹರಡುವ ಇನ್ನೊಂದು ಜ್ವರ. ಅದು 2004ರಲ್ಲಿ ಆಫ್ರಿಕದ ಕೀನ್ಯಾ ಕರಾವಳಿಯಲ್ಲಿ ಕಾಣಿಸಿಕೊಂಡು, 2005ರಲ್ಲಿ ಕೊಮೊರೋಸ್ ದ್ವೀಪಗಳನ್ನು ಹೊಕ್ಕು, ಅಲ್ಲಿಂದ ಮಾರಿಷಸ್, ಸೆಷೆಲ್ಸ್, ರಿಯೂನಿಯನ್ ದ್ವೀಪಗಳಿಗೆ ದಾಟಿತು. ರಿಯೂನಿಯನ್ ದ್ವೀಪವೊಂದರಲ್ಲೇ ಮೂರರಲ್ಲಿ ಒಂದು ಪಾಲು ಜನ ಮಲಗಿದರು. ಅದೇ ವೇಳೆಗೆ ಭಾರತದಲ್ಲೂ ಜ್ವರ ಕಾಣಿಸಿತು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ರೋಗಿಗಳು ದಾಖಲಾದರು. ಅವರಲ್ಲಿ ಏಳೂವರೆ ಲಕ್ಷ ಮಂದಿ ಕರ್ನಾಟಕದವರೇ. ಪೀಡಿತ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪ್ರಯೋಗಶಾಲೆಯಲ್ಲಿ ವೈರಾಣುವಿನ ವಂಶವಾಹಿಯನ್ನು ಹೋಲಿಸಿ ನೋಡಿದಾಗ ಅದು ಭಾರತದಲ್ಲಿ ಮೊದಲು ಇದ್ದ ವಂಶದ್ದಲ್ಲ, ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಕಂಡ ಆಫ್ರಿಕದ ವಂಶದ್ದೆಂದು ತಿಳಿಯಿತು. ಕಡಲನ್ನೇ ಕಾಣದ ನಮ್ಮ ಹಳ್ಳಿಗಳಲ್ಲಿ ಊರುಗೋಲು ಹಿಡಿದು ನಡೆದ ಜನ ದೂರದ್ವೀಪಗಳ ರೋಗಿಗಳ ನೆಂಟರಾಗಿದ್ದರು.

ದ್ವೀಪಕ್ಕೆ ಹಡಗು ಹೇಗೋ ಕೋಲಾರದ ಸೀಮೆಗೆ ರೈಲು ಹಾಗೆ. ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಿಂದ ಸಾವಿರಾರು ಮಂದಿ ದಿನವೂ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಈಡಿಸ್ ಕಚ್ಚುವುದು ಹಗಲಿನಲ್ಲಿ ಎಂಬುದನ್ನು ನೆನೆಯಿರಿ. ಬೆಂಗಳೂರಿನ ಕಟ್ಟಡದ ಕೆಲಸದ ಜಾಗದಲ್ಲಿ ಒಬ್ಬನಿಗೆ ಸೊಳ್ಳೆ ಕಚ್ಚಿತೆಂದುಕೊಳ್ಳೋಣ. ಜ್ವರ ಬಂದು ಮಲಗುವುದು ಅವನ ಊರಿನಲ್ಲಿ. ಲೆಕ್ಕಕ್ಕೆ ಸೇರುವುದು ಅವನ ಊರಿನ ಆರೋಗ್ಯ ಕೇಂದ್ರದಲ್ಲಿ. ಆ ಊರಿನ ಮನೆಗಳಲ್ಲಿ ಮರಿಹುಳುಗಳು ಇಲ್ಲವಾದರೆ ರೋಗ ಅವನೊಬ್ಬನಲ್ಲೇ ನಿಲ್ಲುತ್ತದೆ. ಇದ್ದರೆ ಬೀದಿಗೆ ಹಬ್ಬುತ್ತದೆ. ರೈಲನ್ನು ನಿಲ್ಲಿಸಲಾಗದು, ದುಡಿಮೆಯನ್ನು ಬಿಡಲಾಗದು. ನಮ್ಮ ಕೈಯಲ್ಲಿರುವುದು ಮನೆಯ ಪಾತ್ರೆ ಮಾತ್ರ. ಆದುದರಿಂದ ಜಾಣನಾದ ಆರೋಗ್ಯ ಕಾರ್ಯಕರ್ತನು ರೋಗಿಗೆ ಎರಡು ಪ್ರಶ್ನೆಗಳನ್ನು ಹಾಕುತ್ತಾನೆ: ಎಲ್ಲಿ ಮಲಗುತ್ತೀರಿ? ಕಳೆದ ಎರಡು ವಾರ ಹಗಲೆಲ್ಲ ಎಲ್ಲಿದ್ದಿರಿ?

ಪಾತ್ರೆಗಳನ್ನು ಎಣಿಸುವುದಕ್ಕೂ ಒಂದು ಶಾಸ್ತ್ರವಿದೆ. ಆಶಾ ಕಾರ್ಯಕರ್ತೆಯರೂ ಆರೋಗ್ಯ ಸಹಾಯಕರೂ ಮನೆಗಳಿಗೆ ಹೋಗಿ, ನೀರಿರುವ ಪಾತ್ರೆಗಳ ಮೇಲೆ ಟಾರ್ಚಿನ ಬೆಳಕು ಬಿಟ್ಟು ನೋಡುತ್ತಾರೆ. ಬೆಳಕು ಬಿದ್ದೊಡನೆ ಮರಿಹುಳುಗಳು ಡೊಂಕುಡೊಂಕಾಗಿ ಈಜಿ ತಳಕ್ಕಿಳಿಯುತ್ತವೆ. ಒಂದು ಬೀದಿಯಲ್ಲಿ 50 ಮನೆಗಳನ್ನು ನೋಡಿದರೆಂದೂ, 5 ಮನೆಗಳಲ್ಲಿ ಮರಿಹುಳುಗಳು ಸಿಕ್ಕಿದುವೆಂದೂ ಇಟ್ಟುಕೊಳ್ಳೋಣ. ನೂರಕ್ಕೆ ಹತ್ತು ಮನೆಗಳಾದವು. ಇದು ಮನೆ ಸೂಚ್ಯಂಕ. ಆ ಮನೆಗಳಲ್ಲಿ ಪರೀಕ್ಷಿಸಿದ 200 ಪಾತ್ರೆಗಳಲ್ಲಿ 8ರಲ್ಲಿ ಹುಳುಗಳಿದ್ದರೆ ಪಾತ್ರೆ ಸೂಚ್ಯಂಕ 4. ಹುಳುವಿದ್ದ ಪಾತ್ರೆಗಳನ್ನು ನೂರು ಮನೆಗಳ ಲೆಕ್ಕಕ್ಕೆ ಹೊಂದಿಸಿದರೆ 16 ಆಗುತ್ತದೆ. ಇದಕ್ಕೆ ಬ್ರೆಟೊ ಸೂಚ್ಯಂಕವೆಂದು ಹೆಸರು. ಈ ಅಂಕಿಗಳು ಏರುತ್ತಿದ್ದರೆ ಜ್ವರವಿನ್ನೂ ಬಾರದಿದ್ದರೂ ಬರುವ ಅಪಾಯವಿದೆಯೆಂದು ಅರ್ಥ. ಆಕಾಶದಲ್ಲಿ ಮೋಡವನ್ನು ಕಂಡು ಅಂಗಳದ ಕಾಳನ್ನು ಬಾಚಿಕೊಳ್ಳುವ ರೈತನ ವಿವೇಕ ಇದು. ಯಾವ ಪಾತ್ರೆಯಲ್ಲಿ ಹುಳು ಹೆಚ್ಚೆಂಬುದೂ ಇದರಿಂದ ತಿಳಿಯುತ್ತದೆ. ಒಂದು ಊರಿನಲ್ಲಿ ಅದು ಸಿಮೆಂಟಿನ ತೊಟ್ಟಿಯಾಗಿರಬಹುದು, ಇನ್ನೊಂದರಲ್ಲಿ ಗುಜರಿಯ ಟೈರಾಗಿರಬಹುದು. ಶತ್ರು ಎಲ್ಲಿರುವನೆಂದು ತಿಳಿದ ಮೇಲೆ ಯುದ್ಧ ಸುಲಭ.

ಈ ಯುದ್ಧಕ್ಕೆ ಬೇಕಾದ ಆಯುಧಗಳು ದುಬಾರಿಯವಲ್ಲ. ವಾರದಲ್ಲಿ ಒಂದು ದಿನ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ, ಒಳಗೋಡೆಯನ್ನು ನಾರಿನಿಂದ ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ತುಂಬಿ ಮುಚ್ಚಬೇಕು. ತಿಕ್ಕುವುದು ಅಗತ್ಯ, ಬರಿದೆ ನೀರು ಚೆಲ್ಲಿದರೆ ಗೋಡೆಗಂಟಿದ ಮೊಟ್ಟೆಗಳು ಹಾಗೆಯೇ ಉಳಿಯುತ್ತವೆ. ನೀರು ಅಮೂಲ್ಯವಾದ ಊರಿನಲ್ಲಿ ಅದನ್ನು ಚೆಲ್ಲಬೇಕಾಗಿಯೂ ಇಲ್ಲ. ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬಹುದು, ಗಿಡಗಳಿಗೆ ಹಾಕಬಹುದು. ಬರಿದು ಮಾಡಲಾಗದ ಬಾವಿ, ದೊಡ್ಡ ತೊಟ್ಟಿಗಳಿಗೆ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು. ಇದಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಣ ಹಳ್ಳಿಗಳಲ್ಲಿ ಹಿಂದೆ ಮಲೇರಿಯಾ ಬಾಧೆಯಿತ್ತು. ರೇಷ್ಮೆ ಸಾಕುವ ಸೀಮೆಯಲ್ಲಿ ಮನೆಯೊಳಗೆ ಕೀಟನಾಶಕ ಸಿಂಪಡಿಸಿದರೆ ಹುಳು ಸತ್ತು ಬದುಕೇ ಕೆಡುತ್ತದೆ. ಆದುದರಿಂದ ಜನ ಸಿಂಪರಣೆಗೆ ಒಪ್ಪುತ್ತಿರಲಿಲ್ಲ. 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಅಲ್ಲಿನ ಬಾವಿಗಳಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟರು. ಬಾವಿಯಲ್ಲಿ ಹುಟ್ಟುವ ಸೊಳ್ಳೆ ತಗ್ಗಿತು, ಮಲೇರಿಯಾ ಇಳಿಯಿತು, ರೇಷ್ಮೆ ಹುಳುವೂ ಉಳಿಯಿತು. ಜನರ ಬದುಕನ್ನು ಅರಿತು ಹುಡುಕಿದ ಉಪಾಯ ಜನರ ಒಪ್ಪಿಗೆಯನ್ನೂ ಪಡೆಯುತ್ತದೆ.

ಒಮ್ಮೆ ಗೆದ್ದ ಮಾತ್ರಕ್ಕೆ ಕೈಕಟ್ಟಿ ಕೂರುವಂತಿಲ್ಲ. ಸಿಂಗಪುರ ದ್ವೀಪರಾಷ್ಟ್ರವು 1960ರ ದಶಕದಿಂದ ಮನೆಮನೆಯ ತಪಾಸಣೆ ನಡೆಸಿ, ಕಾನೂನು ಮಾಡಿ, ಮರಿಹುಳುಗಳಿರುವ ಮನೆಗಳ ಪ್ರಮಾಣವನ್ನು ನೂರಕ್ಕೆ ಎರಡರ ಸಮೀಪಕ್ಕೆ ಇಳಿಸಿತು. ಹದಿನೈದು ವರ್ಷಗಳ ನೆಮ್ಮದಿಯೂ ದೊರಕಿತು. ಬಳಿಕ ರೋಗ ಮತ್ತೆ ತಲೆಯೆತ್ತಿ, 2020ರಲ್ಲಿ ರೋಗಿಗಳ ಸಂಖ್ಯೆ 35,000ವನ್ನು ಮೀರಿತು. ರೋಗವನ್ನೇ ಕಾಣದೆ ಬೆಳೆದವರ ರಕ್ತದಲ್ಲಿ ಅದನ್ನೆದುರಿಸುವ ಶಕ್ತಿ ಇರಲಿಲ್ಲವೆಂಬುದು ಇದಕ್ಕೊಂದು ಕಾರಣ. ಹೊಸ ಉಪಾಯಗಳೂ ಬರುತ್ತಿವೆ. ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ವೊಲ್ಬಾಕಿಯಾ ಎಂಬ ಸೂಕ್ಷ್ಮಜೀವಿಯನ್ನು ಹೊತ್ತ ಸೊಳ್ಳೆಗಳನ್ನು ಬಿಟ್ಟಾಗ ಆ ಭಾಗಗಳಲ್ಲಿ ಡೆಂಗೀ ನೂರಕ್ಕೆ 77ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು. ಕರ್ನಾಟಕದಲ್ಲಿ 2024ರಲ್ಲಿ ಡೆಂಗೀ ರೋಗಿಗಳ ಸಂಖ್ಯೆ ಸುಮಾರು 25,000ವನ್ನು ಮುಟ್ಟಿದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡದ ಭಯ ಕೆಲವು ಕಾಲ ಕೆಲಸ ಮಾಡೀತು. ತಿಳಿವಳಿಕೆ ಬಹುಕಾಲ ಉಳಿದೀತು.

ಜ್ವರ ಬಂದವರೂ ಕೆಲವು ಮಾತುಗಳನ್ನು ನೆನಪಿಡಬೇಕು. ಡೆಂಗೀ ವೈರಾಣುವನ್ನೇ ಕೊಲ್ಲುವ ಔಷಧಿ ಬಳಕೆಯಲ್ಲಿ ಇಲ್ಲ. ವಿಶ್ರಾಂತಿ, ಸಾಕಷ್ಟು ದ್ರವಾಹಾರ, ವೈದ್ಯರ ನಿಗಾ, ಇವೇ ಚಿಕಿತ್ಸೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದುದರಿಂದ ಅವುಗಳನ್ನು ನುಂಗಬಾರದು. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಅಪಾಯ ಕಾದಿರಬಹುದು. ಆಗ ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಅತಿಯಾದ ಸುಸ್ತು ಅಥವಾ ಚಡಪಡಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಕಾಲದಲ್ಲಿ ಬಂದ ರೋಗಿಗಳಲ್ಲಿ ಬಹುಮಂದಿ ಉಳಿಯುತ್ತಾರೆ. ಜ್ವರದ ದಿನಗಳಲ್ಲಿ ರೋಗಿಯನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸುವುದು ಅವನಿಗಷ್ಟೇ ಅಲ್ಲ, ಇಡೀ ಬೀದಿಗೆ ಮಾಡಿದ ಉಪಕಾರ.

ಒಂದು ಶಾಲೆಯ ಮಕ್ಕಳು ತಮ್ಮ ತಮ್ಮ ಮನೆಯ ನೀರಿನ ಪಾತ್ರೆಗಳನ್ನು ವಾರಕ್ಕೊಮ್ಮೆ ನೋಡಿ, ಕಂಡುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಊರಿನ ಆರೋಗ್ಯದ ಚರಿತ್ರೆಯನ್ನೇ ಬರೆದಂತಾಗುತ್ತದೆ. ಇದಕ್ಕೆ ಪ್ರಯೋಗಶಾಲೆ ಬೇಡ, ಹಣ ಬೇಡ. ಬೇಕಾದುದು ಒಂದು ಟಾರ್ಚು, ಒಂದು ಪೆನ್ಸಿಲು, ಬಿಡದೆ ಮಾಡುವ ಮನಸ್ಸು. ಒಬ್ಬನು ತನ್ನ ಡ್ರಮ್ಮನ್ನು ಮುಚ್ಚಿ ನೆರೆಯವನು ಮುಚ್ಚದಿದ್ದರೆ ಇಬ್ಬರಿಗೂ ಜ್ವರ ತಪ್ಪದು, ಏಕೆಂದರೆ ಸೊಳ್ಳೆಗೆ ಕಾಂಪೌಂಡಿನ ಗೋಡೆ ಅಡ್ಡಿಯಲ್ಲ. ಬರದ ನಾಡಿನ ಹಿರಿಯರು ಊರೊಟ್ಟಾಗಿ ಕೆರೆಗಳನ್ನು ಕಟ್ಟಿ ನೀರನ್ನು ಉಳಿಸುವುದನ್ನು ಕಲಿಸಿದರು. ಉಳಿಸಿದ ನೀರನ್ನು ಊರೊಟ್ಟಾಗಿ ಮುಚ್ಚಿಡುವುದನ್ನು ಕಲಿಯುವುದು ನಮ್ಮ ತಲೆಮಾರಿನ ಪಾಲಿಗೆ ಬಂದ ಕೆಲಸ.